ಎರಡೇ ಕಡೆ ಬರುವ ಒಂದು ಹೀಬ್ರೂ ಮಾತು

ನನ್ನ ಬೀಳ್ಕೊಡುಗೆಯ ದಿನ ವೇದಿಕೆ ಹತ್ತಿದವರೆಲ್ಲ ಸುಳ್ಳು ಹೇಳಿದರು. ಇಷ್ಟು ವರ್ಷ ಒಂದು ತಪ್ಪೂ ಮಾಡದೆ ಕೆಲಸ ಮಾಡಿದ ಮೇಷ್ಟ್ರು ಅಂತ ಒಬ್ಬರಾದ ಮೇಲೊಬ್ಬರು ಹೊಗಳಿದರು. ಕುತ್ತಿಗೆಯಲ್ಲಿ ಹಾರ, ಬಾಯಲ್ಲಿ ಬಿಸಿ ಬೋಂಡಾ, ಇಲ್ಲ ಅನ್ನುವುದಕ್ಕೂ ಆಗಲಿಲ್ಲ. ಈಗ ಅನುವಾದದ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಬಂದು ಅನುಭವ ಹೇಳಿ ಸಾರ್ ಅನ್ನುತ್ತಾರೆ. ಹೇಳುತ್ತೇನೆ, ಕೇಳಿ. ಆದರೆ ಕೇಳಿದ ಮೇಲೆ ನನಗೆ ಹಾರ ಹಾಕಬೇಡಿ.

ನಮ್ಮದು ತಮಿಳುನಾಡಿಗೆ ಸೇರಿದ ಹೊಸೂರಿನಲ್ಲಿ ತಲೆಮಾರುಗಳಿಂದ ಇರುವ ಮನೆತನ. ಅಪ್ಪ ಕನ್ನಡ ಪಂಡಿತರು, ನಾನೂ ಕನ್ನಡ ಮೇಷ್ಟ್ರು. ಎಪ್ಪತ್ತರ ದಶಕದಲ್ಲಿ ನಮ್ಮ ಶಾಲೆಯ ಕನ್ನಡ ತರಗತಿಗೆ ಮಕ್ಕಳೇ ಇಲ್ಲದಂತಾಗಿ, ನಾನು ಖಾಲಿ ಬೆಂಚುಗಳಿಗೆ ಷಟ್ಪದಿ ಹೇಳಿಕೊಡುವ ಸ್ಥಿತಿ ಬಂತು. ಆಗಲೇ ಒಬ್ಬರು ಪಾದ್ರಿಗಳು ನನ್ನನ್ನು ಹುಡುಕಿಕೊಂಡು ಬಂದರು. ಹೆಸರು ಜ್ಞಾನರಾಜ್. ತಮಿಳು ಮನೆಮಾತಿನವರು. ಬೈಬಲಿನ ಹಳೆಯ ಒಡಂಬಡಿಕೆಯನ್ನು ಈ ಸೀಮೆಯ ಹಳ್ಳಿಯವರಿಗೆ ತಿಳಿಯುವ ಸರಳ ಕನ್ನಡಕ್ಕೆ ತರಲು ಎರಡು ಕೋಣೆಯ ಕಚೇರಿ ತೆರೆದಿದ್ದರು.

"ಹಳೇ ಬೈಬಲ್ ಕನ್ನಡ ಇವಂಗೆ ಯಾರಿಗೂ ಪುರಿಯೋದಿಲ್ಲ ಸಾರ್," ಅಂದರು, ತಿಳಿಯೋದಿಲ್ಲ ಅನ್ನುವುದಕ್ಕೆ ತಮಿಳು ಬೆರೆಸಿ. "ಆಮೆನ್ ಒಂದೇ ಪುರಿಯುತ್ತೆ. ನೀವು ಬಾಂಗೋ."

ನಾನು ಹಣೆಗೆ ವಿಭೂತಿ ಇಟ್ಟುಕೊಂಡೇ ಆ ಕಚೇರಿಗೆ ಹೋಗುತ್ತಿದ್ದೆ. ಅವರು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆಡುತ್ತಿದ್ದವರು ನಮ್ಮ ಬೀದಿಯವರೇ. "ಏನ್ ಮೇಷ್ಟ್ರೇ, ನಿಮ್ಮುನ್ನ ಯಾವತ್ತು ನೀರಾಗೆ ಮುಳುಗುಸ್ತಾರಂತೆ?" ಅಂತ ಎದುರುಮನೆಯವರು ದಿನಾ ಬೆಳಿಗ್ಗೆ ಕೇಳೋರು. ಕೆರೆ ತುಂಬಲಿ, ಹೇಳ್ತೀನಿ ಅನ್ನುತ್ತಿದ್ದೆ.

ಹೀಬ್ರೂ ಭಾಷೆಯ ಒಂದಕ್ಷರವೂ ನನಗೆ ಬರದು. ಜ್ಞಾನರಾಜರು ಕಲಿತಿದ್ದರು. ಅವರು ಮೂಲವನ್ನು ಮಾತಿಗೆ ಮಾತು ಬಿಡಿಸಿ ಹೇಳುವರು, ನಾನು ಅದನ್ನು ಕನ್ನಡ ಮಾಡುವೆ. ಅನುಮಾನ ಬಂದಲ್ಲಿ ಬೆಂಗಳೂರಿನ ಒಬ್ಬ ಹಿರಿಯ ಪ್ರೊಫೆಸರಿಗೆ ಕಾಗದ ಬರೆಯುವುದು. ಆಮೇಲೆ ಕರಡನ್ನು ಸೈಕ್ಲೋಸ್ಟೈಲ್ ಮಾಡಿ ಹಳ್ಳಿಗಳ ಚಿಕ್ಕ ಚಿಕ್ಕ ಪ್ರಾರ್ಥನಾ ಮಂದಿರಗಳಿಗೆ ಕಳಿಸುವುದು. ಭಾನುವಾರ ಅಲ್ಲಿ ಓದು ಬರುವ ಒಬ್ಬರು ಗಟ್ಟಿಯಾಗಿ ಓದಬೇಕು, ಮಿಕ್ಕವರು ಕೇಳಬೇಕು. ಜೊತೆಗೊಂದು ಪ್ರಶ್ನೆಯ ಹಾಳೆ. ಕೇಳಿದವರಿಗೆ ಏನು ತಿಳಿಯಿತು ಅಂತ ಓದಿದವರು ಬರೆದು ಅಂಚೆಯಲ್ಲಿ ವಾಪಸು ಕಳಿಸಬೇಕು. ಎಷ್ಟೋ ಸಲ ನಾನೇ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ.

ಹಾಗೆ ಕೇಳಲು ಹೋದಾಗಲೇ ಸೂಳಗಿರಿಯ ಹತ್ತಿರ ಮೊದಲ ಮಂಗಳಾರತಿ ಆಯಿತು. ಒಬ್ಬ ಪ್ರವಾದಿ ಬಿಸಿಲಲ್ಲಿ ಕೂತಾಗ ದೇವರು ಅವನ ತಲೆಯ ಮೇಲೆ ಒಂದು ಗಿಡ ಬೆಳೆಸಿದ ಕಥೆ. ಆ ಗಿಡ ಯಾವುದು ಅಂತ ನಿಶ್ಚಯವಿಲ್ಲ. ಆ ಹೆಸರು ಆ ಕಥೆ ಬಿಟ್ಟು ಬೇರೆಲ್ಲೂ ಬರುವುದಿಲ್ಲವಂತೆ. ನಾನು ಹರಳು ಗಿಡ ಅಂತ ಹಾಕಿದ್ದೆ. ಓದು ಮುಗಿಯುವ ಮೊದಲೇ ಒಬ್ಬ ರೈತ ಎದ್ದು ನಿಂತ.

"ಯಾವನ್ಲಾ ಬರ್ದೋನು ಇದುನ್ನ? ಹಳ್ಳು ಗಿಡದ ನೆಳ್ಳಾಗೆ ಯಾವನಾನ ಕುಂತ್ಕಂತಾನಾ? ನಮ್ಮೊಲದ ಬದೀಗೈತೆ, ಬಂದ್ ಕುಂತ್ಕಳಕ್ ಹೇಳು!"

ಇಡೀ ಮಂದಿರ ನಕ್ಕಿತು. ಬರೆದೋನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಜ್ಞಾನರಾಜರಿಗೆ ಹೇಳಿದಾಗ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕು, ಒಂದು ಉಪಾಯ ಹೇಳಿದರು. ಮೇಲೆ ಒಂದು ಅರ್ಥ ಇಡೋಣ, ಪುಟದ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಅರ್ಥವನ್ನೂ ಕೊಡೋಣ. ಅಡಿಟಿಪ್ಪಣಿ. ನನಗೆ ಸ್ವರ್ಗವೇ ಸಿಕ್ಕಿದಂತಾಯಿತು. ಅಲ್ಲಿಂದ ಮುಂದೆ ಎಲ್ಲಿ ಅನುಮಾನವೋ ಅಲ್ಲೊಂದು ಚಿಕ್ಕಿ, ಕೆಳಗೊಂದು ಸಾಲು. ಧೈರ್ಯವಾಗಿ ಬರೆಯುವುದನ್ನು ಕಲಿತೆ.

ಆದರೆ ಹಳ್ಳಿಗಳಿಂದ ಬೇರೆ ಗೋಳು ಶುರುವಾಯಿತು. ಓದುವವರು ಕೆಳಗಿನದ್ದನ್ನೂ ಗಟ್ಟಿಯಾಗಿ ಓದಿಬಿಡುತ್ತಿದ್ದರು. ಕಥೆಯ ನಡುವೆ "ಅಥವಾ ಸೋರೆ ಬಳ್ಳಿ" ಅಂತ ಬಂದರೆ ಕೇಳುವವರು ಏನು ಮಾಡಬೇಕು? "ಹಳ್ಳೋ ಸೋರೆಯೋ, ನೆಟ್ಟಗ್ ಒಂದ್ ಹೇಳ್ರಿ, ಇಲ್ಲಾಂದ್ರೆ ಬುಟ್ಬುಡ್ರಿ" ಅಂತ ಅಲ್ಲೇ ವಾದಕ್ಕೆ ಇಳಿದರು. ಪ್ರಶ್ನೆಯ ಹಾಳೆಗಳೆಲ್ಲ ಗಲಿಬಿಲಿಯಾಗಿ ವಾಪಸು ಬಂದವು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಗೊತ್ತಲ್ಲ, ಮೂಗಿನ ಮೇಲೇ ಇರುತ್ತದೆ. ಓದುವವರಿಗೆ ಒಂದು ಸೂಚನೆಯ ಹಾಳೆ ಬರೆದು, ಕೆಳಗೆ ಗೆರೆ ಎಳೆದು, ಎಲ್ಲ ಊರಿಗೂ ಕಳಿಸಿದೆ. ಮೇಲಿರುವುದರಲ್ಲಿ ಒಂದಕ್ಷರವನ್ನೂ ಬಿಡಬಾರದು, ಸೇರಿಸಬಾರದು. ಕೆಳಗಿನ ಟಿಪ್ಪಣಿಯನ್ನು ಗಟ್ಟಿಯಾಗಿ ಓದಬಾರದು. ಅದಾದ ಮೇಲೆ ಉತ್ತರಗಳು ಬಲು ಚೊಕ್ಕಟವಾಗಿ ಬರತೊಡಗಿದವು. ಎಷ್ಟು ಜಂಬ ಪಟ್ಟೆ ಅಂದರೆ, ಆ ಸೂಚನೆಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವುದೊಂದು ಬಾಕಿಯಿತ್ತು.

ಎಂಬತ್ತರ ದಶಕದ ಮೊದಲಲ್ಲಿ ನಾವು ಧರ್ಮಶಾಸ್ತ್ರದ ಭಾಗಕ್ಕೆ ಬಂದೆವು. ದೇವರ ಸಭೆಗೆ ಯಾರು ಬರಬಹುದು, ಯಾರು ಬರಬಾರದು ಅನ್ನುವ ಪಟ್ಟಿ. ಅದರಲ್ಲೊಂದು ಮಾತು, ಮಮ್ಜೇರ್. ಮಮ್ಜೇರ್ ಆದವನು ಬರಬಾರದು, ಅವನ ಹತ್ತನೆಯ ತಲೆಮಾರೂ ಬರಬಾರದು ಅಂತ ಇದೆ. ಯಾರು ಈ ಮಮ್ಜೇರ್? ಜ್ಞಾನರಾಜರು ತಲೆ ಕೆರೆದುಕೊಂಡರು. ಪ್ರೊಫೆಸರಿಗೆ ಕಾಗದ ಹೋಯಿತು.

ಉತ್ತರ ಒಂದೇ ಪುಟ. ಹಳೆಯ ಒಡಂಬಡಿಕೆಯಲ್ಲೆಲ್ಲ ಈ ಮಾತು ಬರುವುದು ಎರಡೇ ಕಡೆ. ಯಾವ ಬೇರಿನಿಂದ ಹುಟ್ಟಿತೋ ತಿಳಿಯದು. ಮದುವೆಯಿಲ್ಲದೆ ಹುಟ್ಟಿದವನು ಅನ್ನುತ್ತಾರೆ. ಆಗಬಾರದ ನಂಟಸ್ತಿಕೆಯಲ್ಲಿ ಹುಟ್ಟಿದವನು ಅನ್ನುತ್ತಾರೆ. ಬೇರೆ ಜನಾಂಗದ ಜೊತೆ ಕೂಡಿದವರ ಮಗು, ಇಲ್ಲವೇ ಯಾವುದೋ ಒಂದು ಜನಾಂಗದ ಹೆಸರೇ ಇದ್ದೀತು ಅನ್ನುವವರೂ ಇದ್ದಾರೆ. ಕೊನೆಗೆ ಎರಡು ಸಾಲು. ನನಗೆ ಗೊತ್ತಿಲ್ಲ. ನೀವು ಗೊತ್ತಿರುವ ಹಾಗೆ ಬರೆಯಬೇಡಿ.

ಓದಿ ನನಗೆ ರೇಗಿತು. "ಇಷ್ಟು ಓದಿಕೊಂಡು ಗೊತ್ತಿಲ್ಲ ಅನ್ನೋಕೆ ಇವರೇ ಬೇಕಾ?" ಅಂದೆ. ಜ್ಞಾನರಾಜರು, "ಒಂದನ್ನ ಮೇಲೆ ಹಾಕಿ ಸಾರ್, ಮಿಕ್ಕದ್ದು ಕೆಳಗೆ" ಅಂದರು. ಮೇಲೆ ಯಾವುದು? ಹಳ್ಳಿಯಲ್ಲಿ ಒಂದೇ ಸಲ ಕೇಳಿದರೆ ತಲೆಗೆ ಹೋಗಬೇಕು. 'ಹಾದರಕ್ಕೆ ಹುಟ್ಟಿದವರು' ಅಂತ ಬರೆದೆ. ಆ ಸಾಲನ್ನು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ, ಸೊಗಸಾಗಿ ಕೂತಿದೆ ಅನ್ನಿಸಿತು. ಕೆಳಗೆ, ಈ ಮಾತಿನ ಅರ್ಥ ನಿಶ್ಚಯವಿಲ್ಲ ಎಂಬ ಟಿಪ್ಪಣಿ. ಜ್ಞಾನರಾಜರು ಸಹಿ ಹಾಕಿದರು, ಹಾಳೆಗಳು ಹೋದವು.

ಮೂರು ವಾರದಲ್ಲಿ ಉತ್ತರಗಳು ಬಂದವು. ಆಗ ನಾನು ಕೆಲಸ ಮಾಡುತ್ತಿದ್ದ ರೀತಿ ಹೇಳಿದರೆ ನಿಮಗೆ ಅಸಹ್ಯವಾಗಬೇಕು. ಮೊದಲ ಪ್ರಶ್ನೆ, ಕೇಳಿದವರಿಗೆ ತಿಳಿಯಿತೇ? ತಿಳಿಯಿತು ಅಂತ ಇದ್ದರೆ ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಗುರುತು, ಹಾಳೆ ಪಕ್ಕಕ್ಕೆ. ಕೆಳಗಿನ ಪ್ರಶ್ನೆ ನೋಡುತ್ತಲೇ ಇರಲಿಲ್ಲ. ಎಲ್ಲ ಊರಿನದ್ದೂ 'ತಿಳಿಯಿತು.' ನನ್ನ ಖುಷಿಗೆ ಪಾರವೇ ಇಲ್ಲ.

ಇನ್ನೂ ಕೆಲವು ದಿನಗಳಾದ ಮೇಲೆ ಹಾಳೆಗಳನ್ನು ಹೊಲಿದು ಇಡಲು ಕೂತೆ. ತಳಿ ಎಂಬ ಊರಿನ ಆಚೆಯ ಒಂದು ಹಳ್ಳಿಯ ಹಾಳೆ ಕೈಗೆ ಬಂತು. ದುಂಡು ಅಕ್ಷರ, ನೋಡಿದರೆ ಓದಬೇಕು ಅನ್ನಿಸುವಂಥದ್ದು. ಕೇಳಿದವರಿಗೆ ತಿಳಿಯಿತೇ? 'ಎಲ್ಲರಿಗೂ ಚೆನ್ನಾಗಿ ತಿಳಿಯಿತು.' ಕೇಳಿದ ಮೇಲೆ ಏನಾಯಿತು? 'ನನ್ನನ್ನು ಹೊರಗೆ ಕಳಿಸಿದರು.' ಕೆಳಗೆ ಸಹಿ, ಸುಗುಣ.

ಕಣ್ಣು ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಆ ಸಾಲಿನ ಪಕ್ಕದಲ್ಲೇ ನನ್ನ ಕೆಂಪು ಪೆನ್ಸಿಲ್ಲಿನ ಗುರುತಿತ್ತು. ಯಾರನ್ನೋ ಹೊರಗೆ ಹಾಕಿದ್ದಾರೆ, ನಾನು ಸರಿ ಅಂತ ಗುರುತು ಹಾಕಿ ಪಕ್ಕಕ್ಕಿಟ್ಟಿದ್ದೇನೆ. ಜ್ಞಾನರಾಜರು ಊರಲ್ಲಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.

ತಳಿಯಲ್ಲಿ ಬಸ್ಸಿಳಿದು, ಜೀಪು ಹತ್ತಿ, ಆ ಹಳ್ಳಿಗೆ ಹೋದಾಗ ಮಧ್ಯಾಹ್ನ. ಸುಗುಣ ಮನೆಯ ಮುಂದೆ ಕೂತು ಸೇವಂತಿಗೆ ಕಟ್ಟುತ್ತಿದ್ದಳು. ಇಪ್ಪತ್ತೆರಡು ವರ್ಷವಿರಬಹುದು. ಹತ್ತನೆಯ ತರಗತಿ ಓದಿದವಳು. ಆ ಮಂದಿರದಲ್ಲಿ ಓದು ಬರುತ್ತಿದ್ದದ್ದು ಅವಳೊಬ್ಬಳಿಗೇ, ಐದು ವರ್ಷದಿಂದ ಭಾನುವಾರದ ಓದು ಅವಳದೇ. ಅವಳ ತಾಯಿ ಮರಿಯಮ್ಮ ಕೃಷ್ಣಗಿರಿ ಕಡೆಯ ಕಲ್ಲುಗಣಿಯಿಂದ ಬಸುರಿಯಾಗಿ ಒಬ್ಬಳೇ ಬಂದು ಆ ಊರಲ್ಲಿ ನಿಂತವಳು. ಗಂಡ ಯಾರು ಅಂತ ಆಕೆಯೂ ಹೇಳಲಿಲ್ಲ, ಊರೂ ಕೇಳಲಿಲ್ಲ. ಇದನ್ನೆಲ್ಲ ಜೀಪಿನವನೇ ದಾರಿಯಲ್ಲಿ ಹೇಳಿಬಿಟ್ಟಿದ್ದ.

"ಹೊಸೂರು ಮೇಷ್ಟ್ರಲ್ವಾ? ಕಾಗ್ದ ಸಿಕ್ತಾ ಸಾರ್?" ಅಂದಳು, ಹೂ ಕಟ್ಟುವುದನ್ನು ನಿಲ್ಲಿಸದೆ.

"ಸಿಕ್ತಮ್ಮ. ಯಾರು ನಿನ್ನ ಹೊರಗೆ ಕಳಿಸಿದ್ದು?"

"ಕೈ ಹಿಡ್ದು ಯಾರೂ ನೂಕ್ಲಿಲ್ಲ. ಓದಿ ಮುಗುಸ್ದೆ. ತಲೆ ಎತ್ತುದ್ರೆ ಎಲ್ರೂ ನನ್ನೇ ನೋಡ್ತಾವ್ರೆ. ಚಿನ್ನಪ್ಪ ತಾತ ಎದ್ದೋಗಿ ಬಾಗ್ಲು ತೆಗುದ್ಬುಟ್ಟು ನಿಂತ್ಕಂಡ್ರು. ನಾನು ಎದ್ದು ಬಂದ್ಬುಟ್ಟೆ."

"ಆ ಸಾಲು ಬರುತ್ತೆ ಅಂತ ಮೊದಲೇ ನೋಡಿರಲಿಲ್ವಾ?"

"ಶನಿವಾರಾನೇ ನೋಡುದ್ನಲ್ಲ."

"ಅಯ್ಯೋ, ಬಿಟ್ಟು ಓದಬಹುದಿತ್ತಲ್ಲೇ ತಾಯಿ!"

"ಒಂದಕ್ಷರ ಬುಡಬಾರ್ದು ಅಂತ ನೀವೇ ಬರ್ದಿದ್ರಿ ಸಾರ್."

"ಕೆಳಗೆ ಟಿಪ್ಪಣಿ ಇತ್ತಲ್ಲಮ್ಮ? ಅರ್ಥ ನಿಶ್ಚಯವಿಲ್ಲ ಅಂತ ಬರೆದಿದ್ದೆನಲ್ಲ?"

"ಇತ್ತು. ಶನಿವಾರ ಪೂರ್ತಿ ಅದುನ್ನೇ ಓದ್ಕಂಡಿದ್ದೆ. ಅದುನ್ನ ಗಟ್ಟಿಯಾಗಿ ಓದಬಾರ್ದು ಅಂತಾನೂ ನೀವೇ ಬರ್ದಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದವಳ ದನಿ ಅದು. ನಾನು ಆ ಜಗಲಿಯ ಮೇಲೆ ಕೂತೆ. ಎಲ್ಲಾ ಅನುಮಾನವನ್ನೂ ಸಣ್ಣಕ್ಷರ ಮಾಡಿ ಕೆಳಗೆ ತಳ್ಳಿ, ಕೇಳಿಯೇ ತಿಳಿಯಬೇಕಾದ ಜನಕ್ಕೆ ಅದು ಕೇಳಿಸದ ಹಾಗೆ ಬಾಯಿ ಕಟ್ಟಿದವನು ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಒಳಗಿನಿಂದ ಮರಿಯಮ್ಮ ಬಂದು ಬಾಗಿಲಿಗೊರಗಿ ನಿಂತರು. ನನ್ನನ್ನು ನೋಡಲಿಲ್ಲ. "ಇವುಳ್ ಮಾಡಿದ್ ತಪ್ಪೇನ್ ಸಾಮಿ?" ಅಂತ ಅಂಗಳಕ್ಕೆ ಹೇಳುವ ಹಾಗೆ ಕೇಳಿದರು. ನಾನು ಎದ್ದು ಚಿನ್ನಪ್ಪನವರನ್ನು ಹುಡುಕಿಕೊಂಡು ಹೋದೆ.

ಚಿನ್ನಪ್ಪ ಆ ಮಂದಿರದ ಹಿರಿಯರು, ಎಪ್ಪತ್ತರ ಹತ್ತಿರದ ಮುದುಕರು. ರಾಗಿ ಹೊಲದಲ್ಲಿ ಸಿಕ್ಕರು. ಕೆಟ್ಟವರೇನಲ್ಲ, ನನ್ನನ್ನು ಕಂಡು ಅವರ ಮುಖವೇ ಚಿಕ್ಕದಾಯಿತು.

"ನಾವೇನ್ ಮಾಡಾನ ಸಾಮಿ? ಹಳೇ ಪುಸ್ತಕ್ದಾಗೂ ಇತ್ತೇನೋ, ನಮ್ಗ್ ತಿಳೀಲಿಲ್ಲ. ಈಗ ನೀವು ತಿಳಿಯೋ ಅಂಗ್ ಬರುದ್ರಿ, ತಿಳೀತು. ತಿಳುದ್ ಮ್ಯಾಲೆ ಸುಮ್ಕಿರಾಕಾಯ್ತದಾ?"

ಅದು ತಪ್ಪು, ಆ ಮಾತಿನ ಅರ್ಥ ಯಾರಿಗೂ ಗೊತ್ತಿಲ್ಲ ಅಂತ ಹಾಳೆಯ ಕೆಳಗಿನ ಟಿಪ್ಪಣಿ ತೋರಿಸಿ ಕೂಗಾಡಿದೆ. ಅವರಿಗೆ ಓದು ಬರದು. ಸಣ್ಣ ಅಕ್ಷರದ ಮೇಲೆ ಬೆರಳಾಡಿಸಿ, "ಇದು ದೇವರ್ ಹೇಳಿದ್ದಾ, ನೀವ್ ಹೇಳಿದ್ದಾ?" ಅಂದರು. ನಾನು ಹೇಳಿದ್ದು ಅಂದೆ. "ನೀವು ನಮ್ಮೋರಲ್ಲ. ಪಾದ್ರಿಗೋಳು ಬಂದ್ ಹೇಳ್ಲಿ" ಅಂದರು.

ಜ್ಞಾನರಾಜರು ಊರಿಂದ ಬಂದ ದಿನ ಬಾಗಿಲಲ್ಲೇ ಅವರನ್ನು ಹಿಡಿದುಕೊಂಡೆ. ಸುಗುಣಳ ಹಾಳೆಯನ್ನು ಅವರು ನಿಂತಲ್ಲೇ ಓದಿದರು. "ಕಡವುಳೇ" ಅಂತ ತಮಿಳಿನಲ್ಲಿ ದೇವರನ್ನು ಕರೆದರು. ನನ್ನ ಸಿಟ್ಟು ಆಗಲೂ ಸುಮ್ಮನಿರಲಿಲ್ಲ. "ನಿಮಗೆ ಗೊತ್ತಿಲ್ಲದ್ದನ್ನ ನನ್ನ ಕೈಲಿ ಬರೆಸಿದಿರಿ" ಅಂತ ಕೂಗಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಹಿ ನನ್ನದು ಸಾರ್. ಕೂಗಿ, ಇನ್ನೂ ಕೂಗಿ. ಆದ್ರೆ ಭಾನುವಾರ ಜೊತೇಲಿ ಬನ್ನಿ."

ಹೋದೆವು. ಮಂದಿರ ತುಂಬಿತ್ತು. ಓದುವವರಿಲ್ಲದೆ ಮೂರ್ನಾಲ್ಕು ಭಾನುವಾರದಿಂದ ಬರೀ ಹಾಡು, ಪ್ರಾರ್ಥನೆ ನಡೆದಿತ್ತಂತೆ. ಜ್ಞಾನರಾಜರು ಎದುರಿಗೆ ನಿಂತು ಮುಚ್ಚುಮರೆಯಿಲ್ಲದೆ ಹೇಳಿದರು. ಈ ಮಾತಿನ ಅರ್ಥ ನನಗೆ ಗೊತ್ತಿಲ್ಲ, ಈ ಮೇಷ್ಟ್ರಿಗೆ ಗೊತ್ತಿಲ್ಲ, ಬೆಂಗಳೂರಿನ ದೊಡ್ಡ ವಿದ್ವಾಂಸರಿಗೂ ಗೊತ್ತಿಲ್ಲ. ಗೊತ್ತಿರುವ ಹಾಗೆ ಬರೆದು ಒಂದು ಹೆಣ್ಣುಮಗಳನ್ನು ಹೊರಗೆ ಹಾಕಿದ್ದೇವೆ. ಕ್ಷಮಿಸಿ.

ಚಿನ್ನಪ್ಪ ಗರಬಡಿದವರಂತೆ ನನ್ನನ್ನೇ ನೋಡಿದರು. "ಗೊತ್ತಿಲ್ದೆ ಬರುದ್ರಾ?" ಅಂದರು. "ದೇವರ್ ಪುಸ್ತಕಾನ? ಗೊತ್ತಿಲ್ದೇನೇ ಬರುದ್ಬುಟ್ರಾ?" ಮೇಷ್ಟ್ರಾಗಿ, ಅನುವಾದಕನಾಗಿ ಎಷ್ಟೋ ಜನರ ಹತ್ತಿರ ಬೈಸಿಕೊಂಡಿದ್ದೇನೆ. ಈ ಎರಡು ಪ್ರಶ್ನೆಗಳಷ್ಟು ಯಾವುದೂ ನಾಟಿಲ್ಲ.

ಎಲ್ಲರೂ ಎದ್ದು ಸುಗುಣಳ ಮನೆಗೆ ನಡೆದರು. ಅವಳು ಅಂಗಳದಲ್ಲೇ ಇದ್ದಳು. ಜ್ಞಾನರಾಜರು ಮತ್ತೆ ಅದನ್ನೇ ಹೇಳಿ, ಬಾರಮ್ಮ, ಮಂದಿರದೊಳಗೆ ಬಂದು ಓದು ಅಂದರು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಇನ್ನೇನು ಮುಗಿಯಿತು ಅಂತ ನನಗೂ ಅನ್ನಿಸಿತ್ತು.

ಸುಗುಣ ಅಲುಗಾಡಲಿಲ್ಲ. "ಒಂದ್ ಮಾತ್ ಕೇಳ್ಬೋದಾ?" ಅಂದಳು. "ಈವತ್ತು ಆ ಮಾತಿನ್ ಅರ್ಥ ಯಾರಿಗೂ ಗೊತ್ತಿಲ್ಲ, ಅದುಕ್ ಕರೀತಿದ್ದೀರಾ. ನಾಳೆ ಯಾರೋ ಎಲ್ಲೋ ಮಣ್ಣಾಗೆ ಒಂದ್ ಕಲ್ಲು ತೆಗುದು, ಮೇಷ್ಟ್ರು ಬರುದ್ರಲ್ಲ, ಅದೇ ಸರಿಯಾದ್ ಅರ್ಥ ಅಂದ್ಬುಟ್ರೆ? ಆವತ್ತು ಮತ್ತೆ ಬಾಗ್ಲು ತೆಗುದ್ಬುಟ್ಟು ನಿಂತ್ಕಂತೀರಾ?"

ಜ್ಞಾನರಾಜರೂ ನಾನೂ ಅರ್ಥ ಗೊತ್ತಿಲ್ಲ ಅನ್ನುವುದನ್ನೇ ದೊಡ್ಡ ಉತ್ತರವೆಂದು ಹೊತ್ತುಕೊಂಡು ಬಂದಿದ್ದೆವು. ಅರ್ಥ ಗೊತ್ತಾದರೆ ಏನು ಅಂತ ನಮಗೆ ಹೊಳೆದೇ ಇರಲಿಲ್ಲ.

ಉತ್ತರ ಕೊಟ್ಟವರು ಚಿನ್ನಪ್ಪ. ತಲೆಯ ವಸ್ತ್ರ ತೆಗೆದು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದರು. "ನಿಂತ್ಕಳಲ್ಲ ಕಣವ್ವ," ಅಂದರು. "ನಿಮ್ಮವ್ವ ಹೆತ್ತ ಮೂರ್ನೇ ದಿನ ನಿನ್ನ ಎತ್ಕಂಡು ಒಳಕ್ ತಂದೋನು ನಾನು. ಆವತ್ ನಾನ್ ಯಾವ್ ಪುಸ್ತಕಾನೂ ಕೇಳ್ಲಿಲ್ಲ. ಬಾಗ್ಲು ತೆಗುದಿದ್ದು ಪುಸ್ತಕ ಅಲ್ಲ, ಈ ಕೈಯಿ." ಹೇಳುತ್ತಾ ಹೇಳುತ್ತಾ ಮುದುಕರು ಬಿಕ್ಕಿಬಿಟ್ಟರು.

ಸುಗುಣ ಅವರ ಕೈ ಹಿಡಿದುಕೊಂಡಳು. ಆದರೆ ಅವತ್ತು ಬರಲಿಲ್ಲ. ತಿಂಗಳ ಮೇಲೆ ತಾಯಿಯ ಜೊತೆ ಹೋಗಿ ಬಾಗಿಲ ಪಕ್ಕದಲ್ಲೇ ಕೂತಳಂತೆ. ಓದಲು ಮಾತ್ರ ಒಪ್ಪಲಿಲ್ಲ. ಚಿನ್ನಪ್ಪ ಎಷ್ಟು ಗೋಗರೆದರೂ ಒಪ್ಪಲಿಲ್ಲ. ಆ ಊರಿಂದ ನಮಗೆ ಮತ್ತೆ ಆ ದುಂಡು ಅಕ್ಷರದ ಹಾಳೆ ಬರಲಿಲ್ಲ.

ಕಚೇರಿಯಲ್ಲಿ ಆ ಸೂಚನೆಯ ಹಾಳೆಯನ್ನು ಹರಿದು ಹಾಕಿದೆ. ಅರ್ಥ ನಿಶ್ಚಯವಿಲ್ಲದ ಮಾತು ಬಂದರೆ ಕೆಳಗೆ ತಳ್ಳದೆ ಸಾಲಿನೊಳಗೇ ಹಾಗಂತ ಹೇಳಬೇಕೆಂದು ಹಟ ಹಿಡಿದೆ. ಮಮ್ಜೇರ್ ಅನ್ನುವುದನ್ನು ಹಾಗೇ ಇಟ್ಟು, ಹೀಗೆಂದರೆ ಯಾರೆಂದು ಈಗ ತಿಳಿಯದು ಅಂತ ಅದೇ ಸಾಲಿನಲ್ಲಿ ದೊಡ್ಡಕ್ಷರದಲ್ಲಿ ಬರೆದೆ. ಶಾಸ್ತ್ರದೊಳಗೆ 'ತಿಳಿಯದು' ಅನ್ನುವುದು ಇರಬಾರದೆಂದು ಜ್ಞಾನರಾಜರ ಮೇಲಿನವರು ರಂಪ ಮಾಡಿದರು. ಜ್ಞಾನರಾಜರು ಅದಕ್ಕೂ ಸಹಿ ಹಾಕಿದರು.

ಈಗಲೂ ಯಾರಾದರೂ, ಸಾರ್, ಆ ಕಡೆಯ ದೇಶದಲ್ಲಿ ಏನೋ ಹಳೆಯ ಹೀಬ್ರೂ ಬರವಣಿಗೆ ಸಿಕ್ಕಿದೆಯಂತೆ ಅಂತ ಸಂತೋಷದಿಂದ ಹೇಳಿದರೆ, ಅದರಲ್ಲಿ ಆ ಮಮ್ಜೇರ್ ಅನ್ನುವ ಮಾತಿದೆಯಾ ಅಂತ ಮೊದಲು ಕೇಳುತ್ತೇನೆ. ಮಾತಿನ ಅರ್ಥ ಹುಡುಕಿಯೇ ಹೊಟ್ಟೆ ಹೊರೆದವನು ನಾನು. ಆ ಒಂದು ಮಾತಿನ ಅರ್ಥ ಯಾರಿಗೂ ಸಿಗದೇ ಹೋಗಲಿ ಅಂತ ದಿನಾ ವಿಭೂತಿ ಇಟ್ಟುಕೊಳ್ಳುವಾಗ ಬೇಡಿಕೊಳ್ಳುತ್ತೇನೆ.